ಹಾಜರಿ ಎಣಿಸಿದರೆ ಸಾಲದು, ಗೈರಿನ ಕಾರಣ ಕೇಳಬೇಕು

ಸರ್ಕಾರಿ ಶಾಲೆ ಮಕ್ಕಳ ಹಾಜರಾತಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ಮುಖ ಗುರುತಿಸಿ ದಾಖಲಿಸುವುದಾಗಿ ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆ 2025ರಲ್ಲಿ ಹೇಳಿತು. ‘ನಿರಂತರ’ ಎಂದು ಆ ವ್ಯವಸ್ಥೆಯ ಹೆಸರು. ಬಿಸಿಯೂಟ, ಮೊಟ್ಟೆ, ಹಾಲಿನ ಲೆಕ್ಕಕ್ಕೆ ಸುಳ್ಳು ಹಾಜರಿ ಸೇರದಂತೆ ನೋಡಿಕೊಳ್ಳುವುದು ಅದರ ಉದ್ದೇಶಗಳಲ್ಲಿ ಒಂದು. ಮಕ್ಕಳ ಮುಖದ ಚಿತ್ರಗಳನ್ನು ಹೀಗೆ ಸಂಗ್ರಹಿಸಿಡುವುದು ಸುರಕ್ಷಿತವೇ ಎಂದು ಶಿಕ್ಷಣ ತಜ್ಞರೂ ಮಕ್ಕಳ ಹಕ್ಕುಗಳ ಪರ ದುಡಿಯುವವರೂ ತಕರಾರು ಎತ್ತಿದರು. ತಕರಾರು ನ್ಯಾಯವಾದದ್ದೇ. ಆದರೆ ಆ ಚರ್ಚೆಯ ನಡುವೆ ಇನ್ನೊಂದು ಪ್ರಶ್ನೆ ಹಿಂದೆ ಉಳಿಯಿತು. ಕ್ಯಾಮೆರಾ ಒಂದೂ ತಪ್ಪಿಲ್ಲದೆ ಕೆಲಸ ಮಾಡಿತು ಎಂದೇ ಇಟ್ಟುಕೊಳ್ಳೋಣ. ಮೂವತ್ತು ಮಕ್ಕಳಲ್ಲಿ ಇವತ್ತು ಆರು ಮಂದಿ ಬಂದಿಲ್ಲ ಎಂದು ಅದು ಹೇಳುತ್ತದೆ. ಆಮೇಲೆ?

ಆ ಆರು ಮಂದಿ ಯಾಕೆ ಬರಲಿಲ್ಲ, ನಾಳೆ ಬರುತ್ತಾರಾ, ಅವರ ಮನೆಗೆ ಹೋಗಿ ಕೇಳುವವರು ಯಾರು? ಹಾಜರಾತಿ ವಿಷಯದಲ್ಲಿ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ನಮ್ಮ ಶಾಲೆಗಳಲ್ಲೂ ಕಚೇರಿ, ಕಾರ್ಖಾನೆಗಳಲ್ಲೂ ಯಾರು ಬಂದರು ಎಂದು ಎಣಿಸುವುದಕ್ಕೆ ಸುರಿಯುವ ಹಣ ಮತ್ತು ಶ್ರಮದಲ್ಲಿ ಸ್ವಲ್ಪ ಭಾಗವನ್ನೂ ಬಾರದವರ ಕಾರಣ ತಿಳಿಯುವುದಕ್ಕೆ ತೆಗೆದಿಡುತ್ತಿಲ್ಲ. ಶಿಸ್ತಿನ ಪ್ರಶ್ನೆ ಎಂದು ತೀರ್ಮಾನಿಸಿ ಮುಂದೆ ಹೋಗುತ್ತೇವೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ದಾರಿಯ, ದುಡಿಮೆಯ, ಹೊಟ್ಟೆಯ ಪ್ರಶ್ನೆ.

ಒಂದು ವಾರ ತಪ್ಪಿದರೆ

ದಿನಾ ಶಾಲೆಗೆ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಯಾಕೆ ಎಂಬುದನ್ನು ಒಂದೇ ಒಂದು ಲೆಕ್ಕದಲ್ಲಿ ನೋಡಬಹುದು. 42ರಲ್ಲಿ 17 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಹತ್ತರ ಸ್ಥಾನದಿಂದ ಒಂದನ್ನು ತಂದು ಹನ್ನೆರಡು ಮಾಡಿಕೊಳ್ಳಬೇಕು ಎಂದು ಟೀಚರ್ ಕಡ್ಡಿಗಳ ಕಟ್ಟು ಇಟ್ಟುಕೊಂಡು ತೋರಿಸುತ್ತಾರೆ. ಹತ್ತು ಕಡ್ಡಿಯ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಸೇರಿಸುತ್ತಾರೆ. ಮಕ್ಕಳ ಕೈಯಲ್ಲೂ ಮಾಡಿಸುತ್ತಾರೆ. ಒಂದು ವಾರ ಈ ಪಾಠ ನಡೆಯುತ್ತದೆ. ಆ ವಾರ ಜ್ವರ ಬಂದು ಮಲಗಿದ್ದ ಅಥವಾ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿದ್ದ ಮಗು ವಾಪಸು ಬಂದು ಅದೇ ಲೆಕ್ಕಕ್ಕೆ 35 ಎಂದು ಉತ್ತರ ಬರೆಯುತ್ತದೆ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಆ ಮಗುವಿನ ಮಟ್ಟಿಗೆ ಅದು ಸರಿಯಾದ ಯೋಚನೆಯೇ, ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಕಟ್ಟು ಬಿಚ್ಚುವುದನ್ನು ಅದು ನೋಡಿಲ್ಲ, ಅಷ್ಟೆ.

ಮುಂದಿನ ವರ್ಷ ಭಾಗಾಕಾರ ಬರುತ್ತದೆ. ಪ್ರತಿ ಹೆಜ್ಜೆಯಲ್ಲೂ ಕಳೆಯಬೇಕು, ಪ್ರತಿ ಹೆಜ್ಜೆಯಲ್ಲೂ ತಪ್ಪುತ್ತದೆ. ಐದನೇ ತರಗತಿಯ ಹೊತ್ತಿಗೆ ‘ಇವನಿಗೆ ಗಣಿತ ತಲೆಗೆ ಹತ್ತಲ್ಲ’ ಎಂಬ ಮಾತು ಮನೆಯಲ್ಲೂ ಶಾಲೆಯಲ್ಲೂ ಗಟ್ಟಿಯಾಗಿರುತ್ತದೆ. ಒಂದು ವಾರದ ಗೈರಿನಿಂದ ಶುರುವಾದದ್ದು ಇದು ಎಂದು ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ.

ಗ್ರಾಮೀಣ ಭಾರತದ ಶಾಲೆಗಳಿಗೆ, ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯವರು ಭೇಟಿ ಕೊಟ್ಟ ದಿನ ಪ್ರಾಥಮಿಕ ಹಂತದ ಮಕ್ಕಳ ಹಾಜರಾತಿ ದೇಶದ ಸರಾಸರಿಯಲ್ಲಿ 2018ರಲ್ಲಿ ಶೇ 72.4, 2022ರಲ್ಲಿ ಶೇ 73, 2024ರಲ್ಲಿ ಶೇ 75.9 ಇತ್ತು. ಏರಿದೆ, ಒಳ್ಳೆಯದು. ಆದರೂ ನಾಲ್ಕರಲ್ಲಿ ಒಂದು ಮಗು ಆ ದಿನ ತರಗತಿಯಲ್ಲಿ ಇರಲಿಲ್ಲ. ಕರ್ನಾಟಕದ ಸ್ಥಿತಿ ಈ ಸರಾಸರಿಗಿಂತ ಸಾಕಷ್ಟು ಚೆನ್ನಾಗಿದೆ. ಹಾಗೆಂದು ನೆಮ್ಮದಿಯಾಗಿ ಕೂರುವಂತಿಲ್ಲ, ಯಾಕೆಂದರೆ ಸರಾಸರಿ ಮುಖ್ಯವಾದದ್ದನ್ನೇ ಮುಚ್ಚಿಡುತ್ತದೆ.

ನೂರು ಮಕ್ಕಳ ಒಂದು ಶಾಲೆ ತೆಗೆದುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ಹಾಜರಾತಿ ಶೇ 90 ಎಂದರೆ ಎಲ್ಲ ಮಕ್ಕಳ ಗೈರು ಒಟ್ಟು ಸೇರಿ 2000 ದಿನ. ಪ್ರತಿ ಮಗುವೂ 20 ದಿನ ತಪ್ಪಿಸಿಕೊಂಡಿದ್ದರೂ ಅಷ್ಟೇ ಬರುತ್ತದೆ. ಎಪ್ಪತ್ತೈದು ಮಕ್ಕಳು ಒಂದು ದಿನವೂ ತಪ್ಪದೆ ಬಂದು, ಉಳಿದ ಇಪ್ಪತ್ತೈದು ಮಕ್ಕಳು ತಲಾ 80 ದಿನ ಬಾರದಿದ್ದರೂ ಅಷ್ಟೇ ಬರುತ್ತದೆ. ಮೊದಲನೆಯದು ನೆಗಡಿ, ಜ್ವರ, ಮದುವೆ, ಜಾತ್ರೆಯ ಲೆಕ್ಕ. ಎರಡನೆಯದರಲ್ಲಿ ಇಪ್ಪತ್ತೈದು ಮಕ್ಕಳ ಓದು ನಿಂತೇ ಹೋಗಿದೆ. ಇಲಾಖೆಯ ಸಭೆಯಲ್ಲಿ ಎರಡೂ ಶಾಲೆಗಳಿಗೆ ಒಂದೇ ಶಹಬ್ಬಾಸ್‌ಗಿರಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ಸರಾಸರಿಯ ಜೊತೆಗೆ, ವರ್ಷದ ಶೇ 10 ಅಥವಾ ಅದಕ್ಕಿಂತ ಹೆಚ್ಚು ದಿನ ಬಾರದ ಮಕ್ಕಳು ಎಷ್ಟು ಎಂಬುದನ್ನು ಬೇರೆಯಾಗಿ ಎಣಿಸುತ್ತಾರೆ. ಕೋವಿಡ್‌ಗೆ ಮೊದಲು ಅಮೆರಿಕದಲ್ಲಿ ಅಂಥ ಮಕ್ಕಳು ಶೇ 15ರಷ್ಟಿದ್ದರು, 2021-22ರಲ್ಲಿ ಶೇ 28ಕ್ಕೆ ಏರಿದರು. ಹಾಗೆ ಎಣಿಸಿದ್ದರಿಂದಲೇ ಅಲ್ಲಿ ಗದ್ದಲ ಎದ್ದಿತು. ನಮ್ಮಲ್ಲಿ ಪ್ರತಿ ಮಗುವಿನ ದಾಖಲೆಯೂ ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಇದೆ. ಇಂಥದೊಂದು ಎಣಿಕೆಗೆ ಹೊಸ ಯಂತ್ರ ಬೇಕಿಲ್ಲ.

ಬಾರದವರು ಯಾರು

ಉತ್ತರ ಕರ್ನಾಟಕದ ಯಾವ ಶಿಕ್ಷಕರನ್ನು ಕೇಳಿದರೂ ಮೊದಲು ಬರುವ ಮಾತು ಗುಳೆ. ದೀಪಾವಳಿ ಆಸುಪಾಸಿನಲ್ಲಿ ಕಬ್ಬಿನ ಕಾರ್ಖಾನೆಗಳು ಶುರುವಾಗುತ್ತವೆ. ಕಬ್ಬು ಕಡಿಯುವ ಕುಟುಂಬಗಳು ಟ್ರ್ಯಾಕ್ಟರ್ ಏರಿ ಬಾಗಲಕೋಟೆ, ಬೆಳಗಾವಿ, ಮಂಡ್ಯದ ಕಡೆಗೆ, ಗಡಿ ದಾಟಿ ಮಹಾರಾಷ್ಟ್ರದ ಕಡೆಗೆ ಹೋಗುತ್ತವೆ. ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರು, ಗೋವಾ, ಪುಣೆಗೆ ಹೋಗುವವರಿಗೆ ಹಂಗಾಮಿನ ಲೆಕ್ಕವೂ ಇಲ್ಲ. ಮುಂಗಡ ಹಣ ಮೊದಲೇ ಕೈಗೆ ಬಂದು ಖರ್ಚಾಗಿರುತ್ತದೆ, ಹೋಗಲೇಬೇಕು. ಊರಿನಲ್ಲಿ ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಗಂಟುಮೂಟೆಯ ಜೊತೆ ಟ್ರ್ಯಾಕ್ಟರ್ ಏರುತ್ತದೆ. ಎಂಟು ಹತ್ತು ವರ್ಷದ ಹುಡುಗಿಯಾದರೆ ಗದ್ದೆಯ ಬದುವಿನಲ್ಲಿ ತಮ್ಮನನ್ನು ಆಡಿಸಿಕೊಂಡು ಕೂರುವ ಕೆಲಸ ಅವಳದ್ದು.

ಮಾರ್ಚ್‌ನಲ್ಲಿ ಅವರು ವಾಪಸಾಗುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಎದುರಿಗಿರುತ್ತದೆ. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಹೆಸರು ತೆಗೆದರೆ ಶಾಲೆಯ ದಾಖಲಾತಿ ಕುಸಿಯುತ್ತದೆ, ದಾಖಲಾತಿ ಕುಸಿದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಎಂದು ಬೇರೆ ಕಡೆ ಎತ್ತಂಗಡಿಯಾಗುತ್ತಾರೆ. ಅದರಿಂದ ಉಳಿದ ಮಕ್ಕಳಿಗೂ ನಷ್ಟ. ಸುಳ್ಳು ಹಾಜರಿಯ ಹಿಂದೆ ಬರೀ ಅಕ್ಕಿ, ಮೊಟ್ಟೆಯ ಕಳ್ಳಲೆಕ್ಕ ಇದೆ ಎಂದು ತಿಳಿಯುವವರು ಈ ಇಕ್ಕಟ್ಟನ್ನೂ ನೋಡಬೇಕು. ವ್ಯವಸ್ಥೆಯೇ ನಿಜ ಹೇಳಿದವರಿಗೆ ದಂಡ ಹಾಕುವ ಹಾಗಿದ್ದರೆ ಕ್ಯಾಮೆರಾ ಇಟ್ಟರೂ ನಿಜ ಹೊರಬರುವುದು ಕಷ್ಟ.

ಗುಳೆ ಹೋಗದ ಮನೆಗಳಲ್ಲೂ ಕೆಲಸದ ಕಾಲ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಸಣ್ಣ ಬೆರಳು, ಕಡಿಮೆ ಎತ್ತರ, ಕಡಿಮೆ ಕೂಲಿ ಬೇಕೆಂದು ಮಕ್ಕಳನ್ನು ಕರೆದೊಯ್ಯುವುದು ಹಳೆಯ ಪಿಡುಗು. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ರಾಯಚೂರು, ಯಾದಗಿರಿಯ ಕಡೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ.

ಮಲೆನಾಡು, ಕರಾವಳಿಯಲ್ಲಿ ಕಾರಣವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿದರೆ ಶಾಲೆಯ ದಾರಿ ಎಂದರೆ ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿದ ಕಾಲುಸಂಕ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಎರಡನೇ ತರಗತಿಯ ಹುಡುಗಿಯೊಬ್ಬಳು ಕಾಲುಸಂಕ ದಾಟುವಾಗ ನೀರಿಗೆ ಬಿದ್ದು ಕೊಚ್ಚಿಹೋದಳು. ಅಂಥ ದಾರಿಯಲ್ಲಿ ಮಗುವನ್ನು ಮಳೆಗಾಲ ಪೂರ್ತಿ ಮನೆಯಲ್ಲೇ ಇರಿಸಿಕೊಂಡ ತಾಯಿಗೆ ಹಾಜರಾತಿಯ ಮಹತ್ವ ಹೇಳಿಕೊಡಲು ಯಾರಿಗೂ ಮುಖವಿಲ್ಲ. ಅಲ್ಲಿ ಬೇಕಿರುವುದು ಸೇತುವೆ. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನಗಳನ್ನು ಶನಿವಾರ ಪೂರ್ತಿ ತರಗತಿ ನಡೆಸಿ ಸರಿದೂಗಿಸಬಹುದು. ರಜೆ ಇಲ್ಲದ ದಿನಗಳಲ್ಲೂ ಹಳ್ಳ ದಾಟಲಾಗದ ಮಗುವಿನ ಪಾಠವನ್ನು ಯಾವ ಶನಿವಾರವೂ ತುಂಬುವುದಿಲ್ಲ.

ಪ್ರೌಢಶಾಲೆಗೆ ಬಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ ಎರಡು ಮೂರು ದಿನ ಮತ್ತೊಂದು ಕಾರಣ ಸೇರಿಕೊಳ್ಳುತ್ತದೆ. ಶೌಚಾಲಯ ಇದ್ದರೂ ನೀರಿಲ್ಲ, ನೀರಿದ್ದರೂ ಚಿಲಕವಿಲ್ಲ. 2013-14ರಲ್ಲಿ ಶುರುವಾದ ‘ಶುಚಿ’ ಯೋಜನೆಯ ಪ್ಯಾಡ್ ವಿತರಣೆ ನಡುವೆ ಕೆಲವು ವರ್ಷ ನಿಂತೇ ಹೋಗಿ 2024ರಲ್ಲಿ ಮತ್ತೆ ಆರಂಭವಾಯಿತು. ನಿಂತಿದ್ದ ಆ ವರ್ಷಗಳಲ್ಲಿ ತಪ್ಪಿದ ತರಗತಿಗಳು ಯಾವ ವರದಿಯಲ್ಲೂ ಇಲ್ಲ. ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ್ದು ದೊಡ್ಡ ಹೆಜ್ಜೆ. ಹದಿನಾಲ್ಕರ ಹುಡುಗಿಗೆ ಬೇಕಿರುವುದು ರಜೆಗಿಂತ ಮೊದಲು ನೀರು ಬರುವ ನಲ್ಲಿ.

ಬಸ್ಸಿನ ಮಾತು ಬೇರೆಯೇ ಇದೆ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ ಕೋವಿಡ್ ಬಳಿಕ ನಿಂತಿತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಕೂಲಿಗೆ ಹೋಗುವ, ಕಾಲೇಜಿಗೆ ಹೋಗುವ ಹೆಂಗಸರ ಪಾಲಿಗೆ ಇದು ನಿಜವಾದ ಬಲ. ಆದರೆ ಟಿಕೆಟ್ ಉಚಿತವಾದ ವೇಗದಲ್ಲಿ ಬಸ್ಸುಗಳ ಸಂಖ್ಯೆ ಏರಲಿಲ್ಲ. ಬೆಳಿಗ್ಗೆ ಒಂದೇ ಬಸ್ ಇರುವ ಊರುಗಳಲ್ಲಿ ಅದು ಹಿಂದಿನ ಹಳ್ಳಿಯಲ್ಲೇ ತುಂಬಿ ಬಂದು ನಿಲ್ಲದೆ ಹೋದರೆ ಆ ದಿನದ ಮೊದಲ ಪಿರಿಯಡ್ ಮುಗಿದ ಹಾಗೆಯೇ. ಹೆಚ್ಚುವರಿ ಬಸ್ಸಿಗಾಗಿ ರಸ್ತೆ ತಡೆದು ಕೂರುವ ವಿದ್ಯಾರ್ಥಿಗಳ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ತಡವಾಗಿ ಬಂದದ್ದಕ್ಕೆ ತರಗತಿಯ ಹೊರಗೆ ನಿಲ್ಲಿಸಿಕೊಂಡವರಲ್ಲಿ ಅವರೂ ಇರುತ್ತಾರೆ.

ಎಸ್ಸೆಸ್ಸೆಲ್ಸಿ, ಪಿಯುಸಿಗೆ ಶೇ 75ರ ಹಾಜರಾತಿ ಕಡ್ಡಾಯ. ಇಲ್ಲದಿದ್ದರೆ ಪ್ರವೇಶ ಪತ್ರ ಸಿಗುವುದಿಲ್ಲ. ನಿಯಮ ಬೇಕು ಎಂದೇ ನನ್ನ ಅಭಿಪ್ರಾಯ, ಅದಿಲ್ಲದಿದ್ದರೆ ಟ್ಯೂಷನ್ ಸೆಂಟರ್‌ಗಳೇ ಶಾಲೆಗಳಾಗಿಬಿಡುತ್ತವೆ. ನನ್ನ ತಕರಾರು ಅದನ್ನು ನೆನಪಿಸಿಕೊಳ್ಳುವ ಸಮಯದ ಬಗ್ಗೆ. ಜುಲೈ, ಆಗಸ್ಟ್‌ನಲ್ಲೇ ಹತ್ತು ದಿನ ತಪ್ಪಿಸಿಕೊಂಡ ಹುಡುಗನ ಮನೆಗೆ ಯಾರೂ ಹೋಗದೆ, ಫೆಬ್ರುವರಿಯಲ್ಲಿ ‘ಶಾರ್ಟೇಜ್’ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಆ ಹೊತ್ತಿಗೆ ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಮಕ್ಕಳನ್ನು ಕರೆತಂದದ್ದು ಯಾವುದು

ಕಾರಣಕ್ಕೆ ಕೈಹಾಕಿದಾಗ ಹಾಜರಾತಿ ಏರುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆ ಇದೆ. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ 2002ರಲ್ಲಿ ಶುರುವಾಗಿ ಆಮೇಲೆ ರಾಜ್ಯವಿಡೀ ಹಬ್ಬಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು. 2021ರ ಕೊನೆಯಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳಲ್ಲಿ ಮೊಟ್ಟೆ ಕೊಡುವ ಪ್ರಯೋಗ ನಡೆದು, ಮಠಾಧೀಶರ ವಿರೋಧವನ್ನೂ ದಾಟಿ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದಲ್ಲಿ ಆರು ದಿನ ಕೊಡುವಂತಾಯಿತು. ಮೊಟ್ಟೆ ಕೊಡುವ ದಿನ ಮಕ್ಕಳು ತಪ್ಪಿಸಿಕೊಳ್ಳುವುದಿಲ್ಲ ಎಂಬುದು ಅಡುಗೆ ಸಹಾಯಕಿಯರಿಗೆ ಯಾವ ಅಧ್ಯಯನಕ್ಕೂ ಮೊದಲೇ ಗೊತ್ತಿತ್ತು.

ಜಂತುಹುಳುವಿನ ಕಥೆಯೂ ಹೀಗೆಯೇ. ಕೀನ್ಯಾದ ಬುಸಿಯಾ ಜಿಲ್ಲೆಯಲ್ಲಿ 1990ರ ದಶಕದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ನಡೆಸಿದ ಪ್ರಯೋಗದಲ್ಲಿ ಶಾಲೆಯಲ್ಲೇ ಜಂತುಹುಳು ಮಾತ್ರೆ ಕೊಟ್ಟಾಗ ಗೈರುಹಾಜರಿ ನಾಲ್ಕನೇ ಒಂದು ಭಾಗದಷ್ಟು ಇಳಿಯಿತು. ಆ ಲೆಕ್ಕದ ಬಗ್ಗೆ ಸಂಶೋಧಕರ ನಡುವೆ ಆಮೇಲೆ ವಾದ ನಡೆದದ್ದೂ ಉಂಟು. ಆದರೆ ಹೊಟ್ಟೆನೋವು, ರಕ್ತಹೀನತೆ ಇರುವ ಮಗು ಶಾಲೆ ತಪ್ಪಿಸುತ್ತದೆ ಎಂಬುದಕ್ಕೆ ವಾದ ಬೇಕಿಲ್ಲ. ನಮ್ಮಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಹಾಜರಾತಿ ಹೆಚ್ಚಿಸುವ ಕಾರ್ಯಕ್ರಮ ಎಂದು ಯಾರೂ ಅದನ್ನು ಕರೆಯುವುದಿಲ್ಲ. ಆದರೂ ಆ ಕೆಲಸವನ್ನು ಅದು ಮಾಡುತ್ತಿದೆ.

ಹಾಗಾದರೆ ನಿಗಾ ಬೇಡವೇ? ಬೇಕು, ಅದರ ಮಿತಿ ಗೊತ್ತಿರಬೇಕು. ಈ ಬಗ್ಗೆ ಭಾರತದಲ್ಲೇ ಮೂರು ಒಳ್ಳೆಯ ಪಾಠಗಳಿವೆ. ಮೊದಲನೆಯದು ರಾಜಸ್ಥಾನದ ಉದಯಪುರದ್ದು. ‘ಸೇವಾ ಮಂದಿರ’ ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಕೇಂದ್ರಗಳಲ್ಲಿ 2003ರಿಂದ ಶಿಕ್ಷಕರಿಗೆ ದಿನಾಂಕ, ಸಮಯ ಮುದ್ರಿಸುವ ಕ್ಯಾಮೆರಾ ಕೊಟ್ಟರು. ಬೆಳಿಗ್ಗೆ, ಸಂಜೆ ಮಕ್ಕಳ ಜೊತೆ ಫೋಟೊ ತೆಗೆಯಬೇಕು, ಬಂದ ದಿನಗಳ ಪ್ರಕಾರ ಸಂಬಳ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದಾಗ ಶಿಕ್ಷಕರ ಗೈರು ಶೇ 42ರಿಂದ ಶೇ 21ಕ್ಕೆ ಇಳಿದಿತ್ತು, ಮಕ್ಕಳ ಕಲಿಕೆಯೂ ಏರಿತ್ತು. ಎರಡನೆಯದೂ ಅದೇ ಜಿಲ್ಲೆಯದ್ದು. ಸರ್ಕಾರಿ ಆರೋಗ್ಯ ಉಪಕೇಂದ್ರಗಳ ನರ್ಸ್‌ಗಳಿಗೆ ಸಮಯ ಮುದ್ರಿಸುವ ಯಂತ್ರ ಕೊಟ್ಟರು. ಮೊದಲ ಕೆಲವು ತಿಂಗಳು ಹಾಜರಾತಿ ಏರಿತು. ಆಮೇಲೆ ಆರೋಗ್ಯ ಇಲಾಖೆಯೇ ‘ವಿನಾಯಿತಿ ದಿನ’ಗಳನ್ನು ಉದಾರವಾಗಿ ಕೊಡತೊಡಗಿತು. ವರ್ಷ ದಾಟುವಷ್ಟರಲ್ಲಿ ಯಂತ್ರ ಇದ್ದಲ್ಲೂ ಇಲ್ಲದಲ್ಲೂ ಹಾಜರಾತಿ ಒಂದೇ ಆಯಿತು.

ಮೂರನೆಯದು ನಮ್ಮ ರಾಜ್ಯದ್ದೇ, ನಮ್ಮಲ್ಲೇ ಅದರ ಚರ್ಚೆ ಕಡಿಮೆ. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 140ಕ್ಕೆ ಕರ್ನಾಟಕ ಸರ್ಕಾರ ಬೆರಳಚ್ಚು ಹಾಜರಾತಿ ಯಂತ್ರ ಕೊಟ್ಟಿತು. ಸಂಶೋಧಕರಾದ ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಅದರ ಪರಿಣಾಮವನ್ನು ಅಳೆದರು. ವೈದ್ಯಕೀಯ ಸಿಬ್ಬಂದಿಯ ಹಾಜರಾತಿ ಸುಮಾರು ಶೇ 15ರಷ್ಟು ಹೆಚ್ಚಿತು. ಹುಟ್ಟಿದ ಮಕ್ಕಳ ತೂಕದಲ್ಲೂ ಸುಧಾರಣೆ ಕಂಡಿತು, ಅಂದರೆ ಸಿಬ್ಬಂದಿ ಜಾಗದಲ್ಲಿರುವುದರಿಂದ ಜೀವಕ್ಕೇ ಲಾಭವಿದೆ. ಆದರೆ ಹೆಚ್ಚಳ ಬಂದದ್ದು ನರ್ಸ್, ಲ್ಯಾಬ್ ತಂತ್ರಜ್ಞ, ಫಾರ್ಮಸಿಸ್ಟ್‌ಗಳಿಂದ. ವೈದ್ಯರ ಹಾಜರಾತಿ ಏರಲಿಲ್ಲ. ಯಂತ್ರ ಕೊಟ್ಟ ಮಾಹಿತಿಯನ್ನು ಇಟ್ಟುಕೊಂಡು ಕ್ರಮ ಕೈಗೊಳ್ಳಲು ಮೇಲಿನಿಂದ ಕೆಳಗಿನವರೆಗೆ ಯಾರಿಗೂ ಉತ್ಸಾಹ ಇರಲಿಲ್ಲ, ಸಿಬ್ಬಂದಿ ಮುನಿಸಿಕೊಂಡಾರೆಂಬ ಅಂಜಿಕೆ. ಕೆಳಗಿನವರು ಬೆರಳು ಒತ್ತಿದರು, ಮೇಲಿನವರು ತಪ್ಪಿಸಿಕೊಂಡರು. ಈಗ ಬೆರಳಿನ ಬದಲು ಮುಖ ಬಂದರೂ ಈ ತಾರತಮ್ಯ ತಾನಾಗಿ ಹೋಗುವುದಿಲ್ಲ.

ಶಿಕ್ಷಕರ ವಿಷಯಕ್ಕೆ ಬಂದರೆ ‘ಮೇಷ್ಟ್ರು ಶಾಲೆಗೇ ಬರಲ್ಲ’ ಎಂಬ ಮಾತು ಸುಲಭವಾಗಿ ನಾಲಿಗೆಗೆ ಬರುತ್ತದೆ. ಕರ್ನಾಟಕವೂ ಸೇರಿ ಆರು ರಾಜ್ಯಗಳ 619 ಶಾಲೆಗಳಲ್ಲಿ 2861 ಶಿಕ್ಷಕರನ್ನು ಗಮನಿಸಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಭೇಟಿಯ ದಿನ ಶಾಲೆಯಲ್ಲಿ ಇಲ್ಲದವರು ಶೇ 18.5. ಅವರಲ್ಲಿ ಬಹುಪಾಲು ಜನ ಇಲಾಖೆಯ ಕೆಲಸಕ್ಕೆ, ತರಬೇತಿಗೆ ಹೋದವರು ಅಥವಾ ರಜೆ ಬರೆದುಕೊಟ್ಟವರು. ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಮತಗಟ್ಟೆ ಅಧಿಕಾರಿ ಕೆಲಸ, ಜನಗಣತಿ, ಸಮೀಕ್ಷೆ ಎಲ್ಲವೂ ಶಿಕ್ಷಕರ ತಲೆಗೇ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಿದರು, ಕೆಲಸ ಮುಗಿಯದೆ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಸಮೀಕ್ಷೆ ಬೇಕಿತ್ತು. ಅದಕ್ಕೆ ಬೇರೆ ಜನರನ್ನು ಹುಡುಕಬಹುದಿತ್ತು. ಖಾಸಗಿ ಶಾಲೆಯ ಮಕ್ಕಳು ಆ ದಿನಗಳಲ್ಲಿ ಪಾಠ ಕೇಳುತ್ತಿದ್ದರು.

ಗೇಟು ಮುಚ್ಚುವ ಹೊತ್ತು

ಸಮಯಪಾಲನೆಯ ವಿಷಯದಲ್ಲಿ ನಮ್ಮ ಸಮಾಜದ ಅನ್ಯಾಯ ಎದ್ದು ಕಾಣುವುದು ದುಡಿಯುವ ಜಾಗದಲ್ಲಿ. ತನ್ನ ಸಮಯ ತನ್ನ ಕೈಯಲ್ಲಿ ಇರುವವರಿಗೆ ನಿಯಮ ಸಡಿಲ, ಬೇರೆಯವರ ಕೈಯಲ್ಲಿ ಇರುವವರಿಗೆ ಬಿಗಿ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಕನಕಪುರ, ಮಾಗಡಿ, ರಾಮನಗರದ ಹಳ್ಳಿಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು ವ್ಯಾನ್ ಹತ್ತಿದರೆ ಗೇಟು ಮುಚ್ಚುವ ಮೊದಲು ತಲುಪಬೇಕು. ಅನೇಕ ಕಡೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಡಿತ, ಇಲ್ಲವೇ ಆ ದಿನ ವಾಪಸು. ತಿಂಗಳಲ್ಲಿ ಒಂದು ರಜೆ ಹೆಚ್ಚಾದರೆ ಹಾಜರಾತಿ ಬೋನಸ್ ಪೂರ್ತಿ ಹೋಗುತ್ತದೆ.

ಕಾನೂನು ಹೀಗೆ ಹೇಳುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಗೈರಾದ ಸಮಯ ಎಷ್ಟೋ ಅಷ್ಟೇ ಪ್ರಮಾಣದ ಸಂಬಳ ಕಡಿಯಬಹುದಿತ್ತು, ಅದಕ್ಕಿಂತ ಹೆಚ್ಚಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ 20ನೇ ಸೆಕ್ಷನ್‌ನಲ್ಲಿ ಇದನ್ನೇ ಉಳಿಸಿಕೊಂಡಿದೆ. ದಿನಕ್ಕೆ 500 ರೂಪಾಯಿ ಕೂಲಿ, ಎಂಟು ಗಂಟೆ ಕೆಲಸ ಎಂದುಕೊಂಡರೆ ಹತ್ತು ನಿಮಿಷದ ಬೆಲೆ ಹತ್ತು ರೂಪಾಯಿ ಚಿಲ್ಲರೆ. 250 ರೂಪಾಯಿ ಕಡಿದರೆ ಉಳಿದ 240 ರೂಪಾಯಿ ಅವಳು ದುಡಿದ ಹಣ. ಪದೇ ಪದೇ ತಡವಾಗಿ ಬರುವುದನ್ನು ದುರ್ನಡತೆ ಎಂದು ಕಾರ್ಖಾನೆಯ ಸೇವಾ ನಿಯಮಗಳಾದ ಸ್ಥಾಯಿ ಆದೇಶಗಳು ಗುರುತಿಸುತ್ತವೆ, ನಿಜ. ಅದಕ್ಕೆ ನೋಟಿಸ್ ಕೊಡಬೇಕು, ವಿವರಣೆ ಕೇಳಬೇಕು, ವಿಚಾರಣೆ ನಡೆಸಬೇಕು. ಗೇಟಿನ ಬಳಿ ಸೂಪರ್‌ವೈಸರ್ ಒಂದೇ ಮಾತಿನಲ್ಲಿ ತೀರ್ಮಾನಿಸುವ ವಿಷಯವಲ್ಲ. ಈ ಸೆಕ್ಷನ್‌ನ ಸಾರವನ್ನು ಕನ್ನಡದಲ್ಲಿ ಬರೆದು ಪ್ರತಿ ಕಾರ್ಖಾನೆಯ ಗೇಟಿಗೆ ಹಾಕುವಂತೆ ಕಾರ್ಮಿಕ ಇಲಾಖೆ ಹೇಳಿದರೆ ಸಾಕಷ್ಟು ಬದಲಾಗುತ್ತದೆ.

ಇದಕ್ಕೂ ಶಾಲೆಗೂ ನೇರ ನಂಟಿದೆ. ಮನೆಯಲ್ಲಿ ಚಿಕ್ಕ ಮಗುವಿಗೆ ಜ್ವರ ಬಂತು ಎನ್ನಿ. ಅವ್ವ ಉಳಿದರೆ ಕೂಲಿಯೂ ಹೋಯಿತು, ಬೋನಸ್ಸೂ ಹೋಯಿತು. ಆರನೇ ತರಗತಿಯ ಅಕ್ಕ ಉಳಿದರೆ ಮನೆಗೆ ತಕ್ಷಣಕ್ಕೆ ಒಂದು ರೂಪಾಯಿಯೂ ನಷ್ಟವಿಲ್ಲ. ಹಾಗಾಗಿ ಅಕ್ಕ ಉಳಿಯುತ್ತಾಳೆ. ಕಾರ್ಖಾನೆಯ ದಾಖಲೆಯಲ್ಲಿ ತಾಯಿಯದು ನೂರಕ್ಕೆ ನೂರು ಹಾಜರಿ, ಅದರ ಬೆಲೆ ಮಗಳ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬಿದ್ದಿರುತ್ತದೆ. 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ನಗರದ ಕಾರ್ಖಾನೆಗೆ ದೂರದ ಹಳ್ಳಿಯಿಂದ ವ್ಯಾನ್‌ನಲ್ಲಿ ಬರುವ ತಾಯಿ ಎರಡು ವರ್ಷದ ಮಗುವನ್ನು ಹೊತ್ತು ತರಲಾರಳು. ಆಕೆಗೆ ಬೇಕಿರುವುದು ಊರಿನಲ್ಲೇ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವ ಕೂಸಿನ ಮನೆ. ಒಂಬತ್ತೂವರೆಗೆ ತೆರೆಯುವ ಅಂಗನವಾಡಿಯಿಂದ ಈ ತಾಯಿಗೆ ಪ್ರಯೋಜನ ಕಡಿಮೆ.

ಸರ್ಕಾರಿ ಕಚೇರಿಯ ಮಾತು ಇದಕ್ಕೆ ತದ್ವಿರುದ್ಧ. ತಾಲೂಕು ಕಚೇರಿಯ ಕೌಂಟರ್ ಹತ್ತಕ್ಕೆ ತೆರೆಯಬೇಕು. ಪಹಣಿ ತಿದ್ದುಪಡಿಗೆಂದು ಕೂಲಿ ಬಿಟ್ಟು ಬಂದವರು ಹನ್ನೊಂದೂವರೆಗೆ ‘ಸಾಹೇಬ್ರು ಮೀಟಿಂಗಲ್ಲಿದಾರೆ’ ಎಂಬ ಉತ್ತರ ಕೇಳುತ್ತಾರೆ. ಕೇಂದ್ರ ಸರ್ಕಾರಿ ನೌಕರರು ತಡವಾಗಿ ಬಂದರೆ ಅರ್ಧ ದಿನದ ಸಾಂದರ್ಭಿಕ ರಜೆ ಕಡಿಯಬೇಕೆಂಬ ನಿಯಮ ಹಿಂದಿನಿಂದ ಇದೆ. 2024ರ ಜೂನ್‌ನಲ್ಲಿ ಸಿಬ್ಬಂದಿ ಇಲಾಖೆ ಅದನ್ನು ಮತ್ತೆ ನೆನಪಿಸಬೇಕಾಯಿತು. ಇಲ್ಲಿ ನಾನು ಕಟ್ಟುನಿಟ್ಟಿನ ಪರ. ಒಬ್ಬ ಅಧಿಕಾರಿಯ ಒಂದು ಗಂಟೆಯ ತಡಕ್ಕೆ ಸಾಲಿನಲ್ಲಿ ನಿಂತ ನಲವತ್ತು ಜನರ ಕೂಲಿ ತೆರಬೇಕಾಗುತ್ತದೆ. ಬೆರಳಚ್ಚು, ಮುಖಚಹರೆ ಯಂತ್ರಗಳನ್ನು ಮೊದಲು ಇಡಬೇಕಾದ ಜಾಗ ಇದು, ಅದೂ ಹಿರಿಯ ಅಧಿಕಾರಿಯಿಂದ ಶುರುವಾಗಿ.

ಗಡಿಯಾರವನ್ನು ಬದುಕಿಗೆ ಹೊಂದಿಸಲು ಸರ್ಕಾರಕ್ಕೆ ಬಾರದು ಎಂದೇನಿಲ್ಲ. ಕಲಬುರಗಿ ವಿಭಾಗ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲಿಗೆ ಅಂಜಿ ಮಾಡಿದ ವ್ಯವಸ್ಥೆ, ವರ್ಷ ವರ್ಷ ಆದೇಶ ಬರುತ್ತದೆ, ಯಾರೂ ಶಿಸ್ತು ಕೆಟ್ಟಿತು ಎನ್ನುವುದಿಲ್ಲ. ಬಿಸಿಲಿಗೆ ಕೊಡುವ ಮನ್ನಣೆಯನ್ನು ಕಬ್ಬಿನ ಹಂಗಾಮಿಗೆ, ಹಳ್ಳದ ನೀರಿಗೆ, ಊರಿನ ಒಂದೇ ಬಸ್ಸಿಗೆ ಯಾಕೆ ಕೊಡಬಾರದು? ಶಾಲೆಯ ಪ್ರಾರ್ಥನೆಯನ್ನು ಇಪ್ಪತ್ತು ನಿಮಿಷ ಮುಂದೂಡಲು ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಅಧಿಕಾರ ಕೊಟ್ಟರೆ ಎಷ್ಟೋ ಊರುಗಳಲ್ಲಿ ತಡವಾಗಿ ಬರುವವರೇ ಇರುವುದಿಲ್ಲ. ಬೆಂಗಳೂರಿನಲ್ಲಿ ಸಂಚಾರ ದಟ್ಟಣೆಯ ಕಾರಣಕ್ಕೆ ಶಾಲಾ ಸಮಯ ಬದಲಿಸುವ ಮಾತು 2023ರಲ್ಲಿ ಹೈಕೋರ್ಟ್ ಸೂಚನೆಯ ಮೇಲೆ ನಡೆದು, ಶಾಲೆಗಳ ವಿರೋಧಕ್ಕೆ ಬಿದ್ದುಹೋಯಿತು. ಇನ್ನೂ ಬೇಗ ಮಕ್ಕಳನ್ನು ಎಬ್ಬಿಸಬೇಕು ಎಂಬ ಪ್ರಸ್ತಾವ ಅದು, ಬಿದ್ದದ್ದೇ ಒಳ್ಳೆಯದಾಯಿತು.

ಏಳು ದಿನ

ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅಲ್ಲಿಯವರೆಗೆ ಸತತ 60 ದಿನ ಬಾರದ ಮಗುವನ್ನು ಮಾತ್ರ ಶಾಲೆ ಬಿಟ್ಟದ್ದು ಎಂದು ಎಣಿಸುತ್ತಿದ್ದರು. ಆ ಪ್ರಕರಣದ ಫಲವಾಗಿ ಅದು ಏಳು ದಿನಕ್ಕೆ ಇಳಿಯಿತು. ಕಾರಣ ತಿಳಿಸದೆ ಏಳು ದಿನ ಬಾರದಿದ್ದರೆ ಹುಡುಕಿಕೊಂಡು ಹೋಗಬೇಕು, ಕರೆತರಬೇಕು. ನನ್ನ ದೃಷ್ಟಿಯಲ್ಲಿ ಹಾಜರಾತಿಯ ಬಗ್ಗೆ ಈ ರಾಜ್ಯದಲ್ಲಿ ಆದ ಅತ್ಯಂತ ಅರ್ಥಪೂರ್ಣ ಬದಲಾವಣೆ ಇದು. 60 ದಿನ ಕಾಯುವಷ್ಟರಲ್ಲಿ ಕಬ್ಬಿನ ಹಂಗಾಮು ಅರ್ಧ ಮುಗಿದಿರುತ್ತದೆ. ಏಳನೇ ದಿನಕ್ಕೆ ಕುಟುಂಬ ಎಲ್ಲಿಗೆ ಹೋಯಿತು ಎಂದು ಪಕ್ಕದ ಮನೆಯವರಿಗೆ ಇನ್ನೂ ಗೊತ್ತಿರುತ್ತದೆ, ಮೇಸ್ತ್ರಿಯ ಫೋನ್ ನಂಬರ್ ಸಿಗುತ್ತದೆ, ಆ ಊರಿನ ಶಾಲೆಗೆ ಒಂದು ಕರೆ ಮಾಡಬಹುದು.

ನಿಯಮ ಕಾಗದದಲ್ಲಿದೆ. ಅದನ್ನು ನಡೆಸುವ ಜನ, ಪ್ರಯಾಣದ ಖರ್ಚು, ಫೋನ್ ಖರ್ಚು ಕಾಗದದಲ್ಲಿಲ್ಲ. ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಮಗುವನ್ನು ಹುಡುಕಲು ಹೊರಟರೆ ಐದು ತರಗತಿಗೆ ಒಬ್ಬರೇ ಉಳಿಯುತ್ತಾರೆ. ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರ್‌ಗೆ ಒಬ್ಬರನ್ನು ಇದೇ ಕೆಲಸಕ್ಕೆ ನೇಮಿಸಬಹುದು. ಊರು, ಕೇರಿ ಗೊತ್ತಿರುವ, ಮನೆಯೊಳಗೆ ಹೋಗಿ ಹೆಂಗಸರ ಜೊತೆ ಕೂತು ಮಾತಾಡಬಲ್ಲ ಸ್ಥಳೀಯ ಮಹಿಳೆಯಾದರೆ ಇನ್ನೂ ಒಳ್ಳೆಯದು. ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆಗೆ ಹೋಗುವಂತೆ ಇವರು ಮೂರನೇ ದಿನದ ಗೈರಿಗೇ ಮನೆಗೆ ಹೋಗಲಿ. ಸಂಬಳ ಮಾತ್ರ ಆಶಾಗಳಿಗೆ ಕೊಡುವ ಹಾಗೆ ಗೌರವಧನದ ಹೆಸರಿನಲ್ಲಿ ಆಗಬಾರದು.

ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಊರಲ್ಲೇ ಉಳಿಯಲು ಹಂಗಾಮಿ ವಸತಿ ನಿಲಯ, ಹೋದ ಕಡೆ ಟೆಂಟ್ ಶಾಲೆ ಎರಡೂ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ಇರುವ ವ್ಯವಸ್ಥೆಗಳು. ತೊಂದರೆ ಇರುವುದು ತಾರೀಕಿನಲ್ಲಿ. ಅನುದಾನ ಮಂಜೂರಾಗಿ, ಜಾಗ ಹುಡುಕಿ, ಅಡುಗೆಯವರನ್ನು ನೇಮಿಸಿ ವಸತಿ ನಿಲಯ ಬಾಗಿಲು ತೆರೆಯುವ ಹೊತ್ತಿಗೆ ಟ್ರ್ಯಾಕ್ಟರ್‌ಗಳು ಊರು ಬಿಟ್ಟಿರುತ್ತವೆ. ಮುಂಗಡ ಹಂಚಿಕೆ ಆಗುವುದು ದಸರಾಕ್ಕೂ ಮೊದಲೇ. ಯಾವ ಮನೆ ಈ ಸಲ ಹೋಗುತ್ತದೆ ಎಂಬುದು ಆಗಲೇ ಊರಿಗೆಲ್ಲ ಗೊತ್ತು. ಆ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲೇ ಗ್ರಾಮ ಪಂಚಾಯಿತಿ ಮತ್ತು ಶಾಲೆ ಕೂಡಿ ಬರೆದು, ಅಕ್ಟೋಬರ್ ಮೊದಲ ವಾರದಲ್ಲಿ ನಿಲಯ ತೆರೆದು, ತಾಯಂದಿರನ್ನು ಕರೆದು ಅಡುಗೆಮನೆ, ಮಲಗುವ ಕೋಣೆ, ರಾತ್ರಿ ಜೊತೆಗಿರುವ ವಾರ್ಡನ್‌ರನ್ನು ತೋರಿಸಬೇಕು. ಹೆಣ್ಣುಮಗಳನ್ನು ಬಿಟ್ಟುಹೋಗುವ ತಾಯಿ ಮೊದಲು ಕೇಳುವುದು ರಾತ್ರಿ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ಎಂದು.